ಅರೆತಲೆನೋವು ಪಿತ್ತದಿಂದ ಬರುತ್ತದಾ?

ನನಗೆ ಅರೆತಲೆನೋವು, ಅಂದರೆ ಮೈಗ್ರೇನ್, ಶುರುವಾಗಿ ತುಂಬಾ ವರ್ಷಗಳಾದವು. ಮದುವೆ ಮನೆಗೆ ಹೋದರೂ ಅದೇ ಪ್ರಶ್ನೆ, ಆಫೀಸಿನಲ್ಲೂ ಅದೇ ಪ್ರಶ್ನೆ: "ಅದು ಪಿತ್ತ ಅಲ್ವಾ? ಒಂದು ಸಲ ವಾಂತಿ ಆದ್ರೆ ಸರಿಹೋಗತ್ತೆ." ಕಾಳಜಿಯಿಂದಲೇ ಕೇಳುತ್ತಾರೆ. ವಾಂತಿಯಾದ ಮೇಲೆ ನನಗೂ ಕೆಲವು ಸಲ ನೋವು ಇಳಿದಿದೆ. ಹಾಗಾಗಿ ಈ ನಂಬಿಕೆ ಸುಮ್ನೆ ಹುಟ್ಟಿದ್ದಲ್ಲ. ಆದರೆ ನೋವಿನ ಬೇರು ಹೊಟ್ಟೆಯಲ್ಲಿಲ್ಲ.

ಹಸಿಮೆಣಸಿನಕಾಯಿ ಹೆಚ್ಚಿದ ಕೈಯಲ್ಲಿ ಕಣ್ಣು ಉಜ್ಜಿಕೊಂಡಿದ್ದೀರಾ? ಉರಿಯ ಸುದ್ದಿಯನ್ನು ನರ ಮಿದುಳಿಗೆ ಮುಟ್ಟಿಸುತ್ತದೆ, ಸರಿ. ಕಣ್ಣು ಕೆಂಪಗಾಗುವುದು ಯಾಕೆ? ಖಾರ ತಾಗಿದ ನರದ ತುದಿ ಅಲ್ಲೇ ಸುತ್ತಮುತ್ತ ಪುಟ್ಟ ಪ್ರೋಟೀನ್ ತುಣುಕುಗಳನ್ನೂ ಸುರಿಯುತ್ತದೆ. ಅವುಗಳಿಗೆ ನ್ಯೂರೋಪೆಪ್ಟೈಡ್ ಅಂತ ಹೆಸರು. ಅವು ತಾಗಿದರೆ ರಕ್ತನಾಳ ಹಿಗ್ಗುತ್ತದೆ, ರಕ್ತ ಜಾಸ್ತಿ ಹರಿಯುತ್ತದೆ. ನರ ಅಂದರೆ ಬರೀ ಸುದ್ದಿ ಒಯ್ಯುವ ತಂತಿ ಅಂತಲೇ ನಾನು ಬಹಳ ಕಾಲ ತಿಳಿದಿದ್ದೆ.

ಮುಖ, ಕಣ್ಣು, ಹಲ್ಲುಗಳ ಸುದ್ದಿ ಒಯ್ಯುವುದು ಟ್ರೈಜೆಮಿನಲ್ ನರ. ಅದರ ಎಳೆಗಳು ಮಿದುಳಿನ ಹೊದಿಕೆಗೂ ಹೋಗಿವೆ. ಅರೆತಲೆನೋವು ಬಂದಾಗ ಈ ನರ ಸಿಜಿಆರ್‌ಪಿ ಎಂಬ ಪೆಪ್ಟೈಡನ್ನು ಸುರಿಸುತ್ತದೆ. ಅದು ಪ್ರೋಟೀನಿನ ಮಣಿಗಳಾದ ಅಮೈನೋ ಆಮ್ಲಗಳು 37 ಸೇರಿದ ಒಂದು ಸರ. 1990ರಲ್ಲಿ ಪೀಟರ್ ಗೋಡ್ಸ್‌ಬಿ ಮತ್ತು ಲಾರ್ಸ್ ಎಡ್ವಿನ್‌ಸನ್ ಎಂಬ ಸಂಶೋಧಕರು, ನೋವಿನಲ್ಲಿದ್ದವರ ಕುತ್ತಿಗೆಯ ರಕ್ತನಾಳದಿಂದ ರಕ್ತ ತೆಗೆದು ನೋಡಿದರು. ಸಿಜಿಆರ್‌ಪಿ ಏರಿತ್ತು. ಅದು ನೋವು ತರುತ್ತದೋ, ನೋವಿನಿಂದ ಏರುತ್ತದೋ? 2002ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಅರೆತಲೆನೋವಿನವರ ರಕ್ತಕ್ಕೆ ಅದನ್ನೇ ಹರಿಸಿದರು. ಅವರಿಗೆ ತಲೆನೋವು ಬಂತು.

ಇದನ್ನು ಮೊದಲ ಸಲ ಓದಿದ ದಿನ ನನಗೆ ಕಣ್ಣಲ್ಲಿ ನೀರು ಬಂತು. "ಎಲ್ಲವನ್ನೂ ಮನಸ್ಸಿಗೆ ಹಚ್ಚಿಕೊಳ್ಳಬೇಡ" ಅಂತ ಕೇಳಿ ಕೇಳಿ ಸಾಕಾಗಿತ್ತು. ರಕ್ತದಲ್ಲಿ ಅಳೆದು ತೋರಿಸಿದ ವಸ್ತು ಇದು! ಬೆಂಗಳೂರಿನಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ಮನೆಮನೆಗೆ ಹೋಗಿ ಮಾಡಿದ ಒಂದು ಸಮೀಕ್ಷೆ 2015ರಲ್ಲಿ ಪ್ರಕಟವಾಯಿತು. ಹಿಂದಿನ ಒಂದು ವರ್ಷದಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮೈಗ್ರೇನ್ ಬಂದಿತ್ತು.

ಹಾಗಾದರೆ ವಾಂತಿ ಯಾಕೆ? ಟ್ರೈಜೆಮಿನಲ್ ನರ ಹೋಗಿ ಸೇರುವುದು ಮಿದುಳಿನ ಬುಡಕ್ಕೆ. ವಾಕರಿಕೆ, ವಾಂತಿಯನ್ನು ನಡೆಸುವ ಜಾಗವೂ ಅಲ್ಲೇ ಇದೆ. ನೋವು ಏರಿದಾಗ ಹೊಟ್ಟೆಯ ಚಲನೆಯೂ ನಿಧಾನವಾಗಬಹುದು. ತಡವಾಗಿ ನುಂಗಿದ ಮಾತ್ರೆ ಹೊಟ್ಟೆಯಲ್ಲೇ ಕೂತುಬಿಡುತ್ತದೆ. ನೋವು ಶುರುವಾಗುತ್ತಿದ್ದ ಹಾಗೆಯೇ ತಗೊಳ್ಳಿ ಅಂತ ವೈದ್ಯರು ಹೇಳುವುದಕ್ಕೆ ಇದೂ ಒಂದು ಕಾರಣ.

ಸಿಜಿಆರ್‌ಪಿಯನ್ನು ಶತ್ರು ಅಂತ ನಾನು ಕರೆಯಲಾರೆ. ಹೃದಯಕ್ಕೆ ರಕ್ತ ಸಾಲದಾದಾಗ ನಾಳ ಹಿಗ್ಗಿಸುವುದರಲ್ಲೂ ಅದರ ಪಾಲಿದೆ. ಕರುಳಿನಲ್ಲೂ ಅದಕ್ಕೆ ಕೆಲಸವಿದೆ. 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಎರೆನುಮ್ಯಾಬ್ ಚುಚ್ಚುಮದ್ದು, ಸಿಜಿಆರ್‌ಪಿ ಬಂದು ಕೂರುವ ಜಾಗವನ್ನೇ ಮುಚ್ಚುತ್ತದೆ. ಹಲವರಿಗೆ ನೋವಿನ ದಿನಗಳು ಕಡಿಮೆಯಾಗುತ್ತವೆ, ಎಲ್ಲರಿಗೂ ಅಲ್ಲ. ಕೆಲವರಿಗೆ ಮಲಬದ್ಧತೆ ಆಗುತ್ತದೆ. ಕರುಳಿನ ಕೆಲಸಕ್ಕೂ ತಡೆ ಬಿತ್ತಲ್ಲ!

ಇನ್ನೊಂದನ್ನು ಕೇಳದಿದ್ದರೂ ಹೇಳುತ್ತೇನೆ. ಪ್ಯಾರಸಿಟಮಾಲ್‌ನಂಥ ಮಾತ್ರೆಯನ್ನು ತಿಂಗಳಿಗೆ 15 ದಿನ, ಅರೆತಲೆನೋವಿಗೆಂದೇ ಇರುವ ಟ್ರಿಪ್ಟಾನ್ ಮಾತ್ರೆ ಆದರೆ 10 ದಿನ, ಮೂರು ತಿಂಗಳಿಗಿಂತ ಹೆಚ್ಚು ಕಾಲ ನುಂಗುತ್ತಾ ಬಂದರೆ ಮಾತ್ರೆಯಿಂದಲೇ ತಲೆನೋವು ಹತ್ತಿಕೊಳ್ಳಬಹುದು. ಮಾತ್ರೆ ನುಂಗಿದ ದಿನ ನಾನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಚುಕ್ಕೆ ಇಡುತ್ತೇನೆ. ಈ ತಿಂಗಳು ಇಲ್ಲಿವರೆಗೆ ನಾಲ್ಕು.