ಗೆರೆ ದಾಟಿದ ಬ್ಯಾಟನ್

ನಿನ್ನೆ ದಾವಣಗೆರೆಯಲ್ಲಿ ನಡೆದ ಪ್ರೌಢಶಾಲಾ ಕ್ರೀಡಾಕೂಟದ ಬಾಲಕಿಯರ 4×100 ಮೀಟರ್ ರಿಲೇಯಲ್ಲಿ ನಾನು ಕೊನೆಯ ಬ್ಯಾಟನ್ (ಓಟಗಾರ್ತಿಯರು ಕೈಯಿಂದ ಕೈಗೆ ದಾಟಿಸುವ ಕೋಲು) ಬದಲಾವಣೆಯ ತಿರುವಿನಲ್ಲಿ ತೀರ್ಪುಗಾರನಾಗಿ ಬಾವುಟ ಹಿಡಿದು ನಿಂತಿದ್ದೆ. ಬ್ಯಾಟನ್ ಕೈ ಬದಲಾಗಬೇಕಾದ ವಲಯ ಹಿಂದೆ 20 ಮೀಟರ್ ಇತ್ತು, ಈಗ 30 ಮೀಟರ್ ಆಗಿದೆ. ಅಲ್ಲಿ ಓಟಗಾರ್ತಿಯ ಕಾಲು ಎಲ್ಲಿದೆ ಎಂಬುದಲ್ಲ, ಬ್ಯಾಟನ್ ಎಲ್ಲಿದೆ ಎಂಬುದೇ ಲೆಕ್ಕಕ್ಕೆ ಬರುತ್ತದೆ. ಆರು ಲೇನುಗಳ ಮಕ್ಕಳು ಒಮ್ಮೆಗೇ ನುಗ್ಗಿ ಬಂದಾಗ ಎದ್ದ ಧೂಳಿನಲ್ಲಿ, ಎರಡನೆಯ ಲೇನಿನ ಬ್ಯಾಟನ್ ಸುಣ್ಣದ ಗೆರೆಯ ಆಚೆ ಕೈ ಸೇರಿದ್ದು ನನಗೆ ಕಾಣಲಿಲ್ಲ. ಆ ತಂಡವೇ ಗೆದ್ದಿತು.

ಸ್ವಲ್ಪ ಹೊತ್ತಿಗೆ ಆ ತಂಡದ ಕೊನೆಯ 100 ಮೀಟರ್ ಓಡಿದ ಹುಡುಗಿ, ಬರಿಗಾಲಿನಲ್ಲಿ, ಇನ್ನೂ ಏದುಸಿರು ಬಿಡುತ್ತ ನನ್ನ ಬಳಿ ಬಂದು, "ಸರ್, ಗೆರಿ ದಾಟಿದ್ ಮ್ಯಾಲೆ ನನ್ ಕೈಗೆ ಬಂತು" ಎಂದಳು. ಅವಳ ಹಿಂದೆ ನಿಂತಿದ್ದ ಮೂವರು ಜೊತೆಗಾರ್ತಿಯರಲ್ಲಿ ಒಬ್ಬಳು ಅಳುತ್ತಿದ್ದಳು, ಆದರೆ ಅವಳು ಹೇಳುವುದನ್ನು ಯಾರೂ ತಡೆಯಲಿಲ್ಲ. ತಂಡವನ್ನು ಅನರ್ಹಗೊಳಿಸಿ ಹಾಳೆಯಲ್ಲಿ ಬರೆಯುವಾಗ ನನ್ನ ಕೈ ನಡುಗಿತು. "ಯಾರೂ ನೋಡಿರಲಿಲ್ಲವಲ್ಲ, ಸುಮ್ಮನಿರಬಾರದಿತ್ತೇ?" ಎಂದು ಪೋಷಕರೊಬ್ಬರು ಗದರಿದ್ದು ನನಗೆ ತುಂಬ ನೋವು ತಂದಿತು, ಏಕೆಂದರೆ ನಿಯಮದಂತೆ ಓಡಿ ಎರಡನೆಯದಾಗಿ ಬಂದಿದ್ದ ನಾಲ್ವರ ಬೆವರೂ ಅಷ್ಟೇ ನಿಜವಾದದ್ದು.

ನಾನು ನೋಡಬೇಕಾಗಿದ್ದುದನ್ನು ಹದಿನೈದರ ಬಾಲಕಿ ಬಂದು ಹೇಳಬೇಕಾಯಿತು. ಆ ಹೊರೆಯನ್ನು ಮಕ್ಕಳ ಮೇಲೆ ಹಾಕುವುದು ನ್ಯಾಯವಲ್ಲ. ಮುಂದಿನ ಕೂಟದಲ್ಲಿ ಪ್ರತಿ ಎರಡು ಲೇನಿಗೆ ಒಬ್ಬ ತೀರ್ಪುಗಾರರನ್ನು ನಿಲ್ಲಿಸಬೇಕೆಂದು ಸಂಘಟಕರಿಗೆ ಇಂದು ಬೆಳಿಗ್ಗೆ ಬರೆದು ಕೊಟ್ಟು ಬಂದಿದ್ದೇನೆ.