ಸುನೌಲಿಯ ಗಡಿಯಲ್ಲಿ ಗುರೆಳ್ಳು ಹಿಂಡಿ

2019ರ ದೀಪಾವಳಿ ಮುಗಿದ ಮೇಲೆ ವಿಜಯಪುರದ ನಮ್ಮ ಓಣಿಯವರು ಪಶುಪತಿನಾಥನ ದರ್ಶನಕ್ಕೆ ಹೊರಟಾಗ, ರೈಲಿನಲ್ಲಿ ದೇವರಿಗಿಂತ ಗುರುತಿನ ಚೀಟಿಯ ಮಾತೇ ಹೆಚ್ಚು ನಡೆಯಿತು. 1950ರ ಒಪ್ಪಂದದಿಂದಾಗಿ ಭಾರತೀಯರಿಗೆ ನೇಪಾಳದ ವೀಸಾ ಬೇಕಿಲ್ಲ. ಆದರೆ ಪಾಸ್‌ಪೋರ್ಟ್ ಇಲ್ಲದವರ ಬಳಿ ಮತದಾರರ ಚೀಟಿ ಇರಬೇಕು, ಆಧಾರ್ ನಡೆಯುವುದು 15ರೊಳಗಿನ ಮಕ್ಕಳಿಗೆ ಮತ್ತು 65 ದಾಟಿದ ಹಿರಿಯರಿಗೆ ಮಾತ್ರ. ಈ ನಿಯಮ ಕಿವಿಗೆ ಬಿದ್ದಾಗಿನಿಂದ ನಮ್ಮ ದೊಡ್ಡವ್ವ ತನ್ನ ವಯಸ್ಸನ್ನು ಕೇಳದವರಿಗೂ ಹೇಳತೊಡಗಿದ್ದಳು.

ಗೋರಖಪುರದಿಂದ ಜೀಪಿನಲ್ಲಿ ಭಾರತ-ನೇಪಾಳ ಗಡಿಯ ಸುನೌಲಿ ತಲುಪಿದೆವು. 1,751 ಕಿಲೋಮೀಟರ್ ಉದ್ದದ ಈ ಗಡಿಯನ್ನು 2001ರಿಂದ ಕಾಯುತ್ತಿರುವುದು ಸಶಸ್ತ್ರ ಸೀಮಾ ಬಲ. ಸ್ಥಳೀಯರು ಸೈಕಲ್ ತುಳಿಯುತ್ತ, ಕಾಯಿಪಲ್ಲೆಯ ಚೀಲ ಹೊತ್ತು ದಿನವಿಡೀ ಆಚೀಚೆ ಓಡಾಡುವ ಇಂಥ ತೆರೆದ ಗಡಿಯಲ್ಲಿ, ಯಾರನ್ನು ಬಿಡಬೇಕು, ಯಾರನ್ನು ನಿಲ್ಲಿಸಬೇಕು ಎಂಬುದನ್ನು ಜವಾನರು ಬಹುಮಟ್ಟಿಗೆ ಕಣ್ಣಳತೆಯಲ್ಲಿಯೇ ತೀರ್ಮಾನಿಸುತ್ತಾರೆ. ಇಳಕಲ್ ಸೀರೆ, ಗಾಂಧಿ ಟೋಪಿ, ಉಬ್ಬಿದ ಬ್ಯಾಗುಗಳ ನಮ್ಮ ತಂಡವನ್ನು ಅವರು ಸಹಜವಾಗಿಯೇ ನಿಲ್ಲಿಸಿದರು.

ಚೀಟಿಗಳನ್ನು ನೋಡಿ ಮುಗಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ತಕರಾರು ಎದ್ದದ್ದು ದೊಡ್ಡವ್ವನ ಬುತ್ತಿಯಲ್ಲಿ. ಮಹಿಳಾ ಪೇದೆಯೊಬ್ಬರು ಕಡಕ್ ರೊಟ್ಟಿಯ ಕಟ್ಟನ್ನು ಪಕ್ಕಕ್ಕಿಟ್ಟು, ಪ್ಲಾಸ್ಟಿಕ್ ಚೀಲದಲ್ಲಿದ್ದ ಗುರೆಳ್ಳು ಹಿಂಡಿಯನ್ನು, ಅಂದರೆ ಚಟ್ನಿ ಪುಡಿಯನ್ನು, ಬೆಳಕಿಗೆ ಹಿಡಿದು, ಗಂಟು ಬಿಚ್ಚಿ ಮೂಸಿ, ಈ ಕಪ್ಪು ಪುಡಿ ಏನೆಂದು ಕೇಳಿದರು. ದೊಡ್ಡವ್ವ ನಮ್ಮೂರಿನ ದಖನಿಯಲ್ಲಿ, "ಖಾನೇಕಾ ಹೈ ಬೇಟಿ, ಬಾರೂದ್ ನಹೀಂ" (ತಿನ್ನೂದು ಮಗಳ, ಸಿಡಿಮದ್ದಲ್ಲ) ಎಂದುಬಿಟ್ಟಳು. ತಪಾಸಣೆಯ ಜಾಗದಲ್ಲಿ ಬಾಯಿಗೆ ಬರಬಾರದ ಶಬ್ದವೇ ಬಂದಿತ್ತು. "ದೊಡ್ಡವ್ವ, ಕೇಳಿದ್ದಕ್ಕಷ್ಟ ಹೇಳು" ಎಂದು ನನ್ನ ತಮ್ಮ ಪಿಸುಗುಟ್ಟುವಷ್ಟರಲ್ಲಿ ಇನ್ನಿಬ್ಬರು ಜವಾನರು ಹತ್ತಿರ ಬಂದರು. ತಿಂದು ತೋರಿಸುವಂತೆ ಆ ಪೇದೆ ಹೇಳಿದರು. ದೊಡ್ಡವ್ವ ಚಿಟಿಕೆಗೆ ತೃಪ್ತಳಾಗದೆ ರೊಟ್ಟಿ ಮುರಿದು, ಹಿಂಡಿ ಹಚ್ಚಿಕೊಂಡು, ಎಲ್ಲರೆದುರು ನಿಧಾನವಾಗಿ ಅಗಿದಳು. ಪೇದೆಯ ಮುಖ ಸಡಿಲವಾಯಿತು, ಆದರೂ ಅವರು ಉಳಿದ ಬ್ಯಾಗುಗಳನ್ನು ಒಂದೊಂದಾಗಿ ತೆಗೆಸಿಯೇ ಬಿಟ್ಟರು. ಅದು ನನಗೆ ಸರಿಯೆನಿಸಿತು: ನಕ್ಕ ಮಾತ್ರಕ್ಕೆ ಕೆಲಸ ಬಿಡುವವರು ಗಡಿ ಕಾಯುವುದು ಕಷ್ಟ.

ಕಮಾನು ದಾಟಿದ ಮೇಲೆ, ಬೆಲಹಿಯಾದ ನೇಪಾಳಿ ಪೊಲೀಸರು ನಮ್ಮನ್ನು ಕೈಸನ್ನೆಯಲ್ಲೇ ಮುಂದೆ ಕಳಿಸಿದರು. ಅದೇ ಹೊತ್ತಿಗೆ ವಿದೇಶಿ ದಂಪತಿಗಳನ್ನು ಮಾತ್ರ ಹಿಂದಕ್ಕೆ ಅಟ್ಟಲಾಯಿತು. ಭಾರತದ ವಲಸೆ ಕಚೇರಿ ಅಂಗಡಿಗಳ ಸಾಲಿನಲ್ಲಿ ಸುಲಭವಾಗಿ ಕಣ್ಣು ತಪ್ಪುವುದರಿಂದ, ಅವರು ನಿರ್ಗಮನದ ಮುದ್ರೆ ಹಾಕಿಸದೆಯೇ ದಾಟಿ ಬಂದಿದ್ದರು. ನಮ್ಮ ಚೀಟಿಗೆ ಯಾವ ಮುದ್ರೆಯೂ ಬೀಳುವುದಿಲ್ಲವೆಂದು ತಿಳಿದು ಕಾಕಾಗೆ ಕೊಂಚ ನಿರಾಸೆಯಾಯಿತು. ನೂರಕ್ಕಿಂತ ದೊಡ್ಡ ಭಾರತೀಯ ನೋಟುಗಳನ್ನು ನೇಪಾಳ 2018ರ ಡಿಸೆಂಬರ್‌ನಲ್ಲಿ ನಿಷೇಧಿಸಿದ್ದರಿಂದ ನೂರರ ಕಟ್ಟುಗಳನ್ನೇ ಒಯ್ದಿದ್ದೆವು. ನಮ್ಮ ನೂರಕ್ಕೆ ಅವರ ನೂರಾ ಅರವತ್ತು.

ಕಾಠ್ಮಂಡುವಿನಲ್ಲಿ ಕರ್ನಾಟಕ ಮೂಲದ ಭಟ್ಟರೇ ಪಶುಪತಿನಾಥನ ಪೂಜೆ ಮಾಡುವುದನ್ನು ಕಂಡು ದೊಡ್ಡವ್ವನ ಸಂಭ್ರಮ ಹೇಳತೀರದು. ಗಡಿಯ ಮಾತಿಗೆ ಬಂದರೆ, ಮರಳುವಾಗಿನ ತಪಾಸಣೆ ಹೋಗುವಾಗಿನದಕ್ಕಿಂತ ಬಿಗಿಯಾಗಿತ್ತು, ಏಕೆಂದರೆ ಆಗ ಸೀಮಾ ಬಲದ ಜೊತೆಗೆ ಸುಂಕದವರೂ ಇದ್ದರು ಮತ್ತು ಅವರ ಕಣ್ಣು ಚಿನ್ನದ ಮೇಲೆ, ಮೂರನೆಯ ದೇಶದ ಸರಕಿನ ಮೇಲೆ ಇತ್ತು. ರುದ್ರಾಕ್ಷಿ ಸರಗಳನ್ನು ಎಣಿಸಿದರು, ಹೊಸ ಕಂಬಳಿಗಳನ್ನು ಕೊಡವಿಸಿದರು. ಹೋಗುವವರು ಗೋರಖಪುರದಿಂದ ಹೊರಡುವ ರೈಲಿಗೆ ಟಿಕೆಟ್ ಮಾಡಿಸುವಾಗ ಈ ಸಾಲಿಗಾಗಿ ಎರಡು ಗಂಟೆ ಹೆಚ್ಚಿಗೆ ಹಿಡಿದುಕೊಳ್ಳುವುದು ಒಳ್ಳೆಯದು.