ಅಲ್ಬೇನಿಯಾಕ್ಕೆ ಏಕೆ, ಅದೂ ಬಾಡಿಗೆ ಕಾರಿನಲ್ಲಿ?

ಯುರೋಪ್ ಪ್ರವಾಸದ ಮಾತು ಬಂದಾಗಲೆಲ್ಲ ಸ್ನೇಹಿತರು, ಬಂಧುಗಳು ನನ್ನನ್ನು ಕೇಳುವ ಪ್ರಶ್ನೆ ಇದು: ಸ್ವಿಟ್ಜರ್ಲೆಂಡ್, ಇಟಲಿ ಎಲ್ಲ ಇರುವಾಗ ಅಲ್ಬೇನಿಯಾಕ್ಕೆ ಹೋಗಿ ಎನ್ನುತ್ತೀರಲ್ಲ, ಏಕೆ? ಅದೂ ಗುರುತು ಪರಿಚಯವಿಲ್ಲದ ದೇಶದಲ್ಲಿ ನಾವೇ ಕಾರು ಓಡಿಸಿಕೊಂಡು?

ಅಲ್ಬೇನಿಯಾದಲ್ಲಿ ನೋಡಬೇಕಾದದ್ದರ ಬಹುಪಾಲು ಒಂದು ಊರಿಗೂ ಇನ್ನೊಂದು ಊರಿಗೂ ನಡುವಿನ ದಾರಿಯಲ್ಲಿದೆ, ಅದಕ್ಕೆ. ಪ್ರವಾಸಿಗರಿಗೆ ಉಪಯೋಗವಾಗುವಂಥ ರೈಲು ಅಲ್ಲಿಲ್ಲ. ಫುರ್ಗೋನ್ ಎಂಬ ವ್ಯಾನುಗಳಿವೆ. ಕಡಿಮೆ ದುಡ್ಡಿಗೆ ಊರು ಮುಟ್ಟಿಸುತ್ತವೆ. ಆದರೆ ನದಿ ಚೆನ್ನಾಗಿದೆ, ಇಲ್ಲಿ ಅರ್ಧ ಗಂಟೆ ನಿಲ್ಲಿಸಿ ಎಂದು ಕೇಳುವಂತಿಲ್ಲ. ನನಗೆ ಆ ಅರ್ಧ ಗಂಟೆಯೇ ಬೇಕು.

ಈ ದೇಶದ ರಸ್ತೆಗಳ ಮೇಲೆ ನನಗೆ ಪ್ರೀತಿ ಹುಟ್ಟಲು ಇನ್ನೊಂದು ಕಾರಣವೂ ಇದೆ. ಎರಡನೇ ಮಹಾಯುದ್ಧದ ಕೊನೆಯಿಂದ 1985ರಲ್ಲಿ ಸಾಯುವವರೆಗೂ ಎನ್ವರ್ ಹೋಜಾ ಇಲ್ಲಿ ಆಳಿದ. ಅವನ ಕಮ್ಯುನಿಸ್ಟ್ ಆಡಳಿತದಲ್ಲಿ ಸಾಮಾನ್ಯ ಪ್ರಜೆಗೆ ಸ್ವಂತ ಕಾರು ಇಟ್ಟುಕೊಳ್ಳುವ ಹಕ್ಕೇ ಇರಲಿಲ್ಲ. ಗಡಿ ದಾಟಿ ಹೋಗುವುದಂತೂ ಪ್ರಾಣಕ್ಕೇ ಸಂಚಕಾರ. 1991ರ ಹೊತ್ತಿಗೆ ನಿರ್ಬಂಧ ಸಡಿಲಿದ ಮೇಲೆ ಹೊರದೇಶಗಳಿಂದ ಹಳೆಯ ಮರ್ಸಿಡಿಸ್ ಕಾರುಗಳು ಸಾಲುಗಟ್ಟಿ ಬಂದವು. ಕೆಟ್ಟ ರಸ್ತೆಯನ್ನು ತಡೆದುಕೊಳ್ಳುವ ಗಾಡಿಯೆಂದು ಜನ ಅದನ್ನೇ ನೆಚ್ಚಿದರು. ಈಗಲೂ ಹೆದ್ದಾರಿಯ ಬದಿಯಲ್ಲಿ ಎಲ್ಲಿ ನೋಡಿದರೂ 'ಲವಾಜ್' ಎಂಬ ಫಲಕ. ಕಾರು ತೊಳೆದುಕೊಡುವ ಜಾಗವದು. ತಾವು ಓಡಿಸುವ ಗಾಡಿಯನ್ನು ಆ ಜನ ಅಷ್ಟು ಅಕ್ಕರೆಯಿಂದ ಏಕೆ ತಿಕ್ಕಿ ಹೊಳೆಯಿಸುತ್ತಾರೆ ಎಂಬುದು ಈ ಹಿನ್ನೆಲೆ ತಿಳಿದ ಮೇಲೆ ಅರ್ಥವಾಗುತ್ತದೆ. ಹೊಲದ ಅಂಚಿನಲ್ಲಿ, ಗುಡ್ಡದ ಓರೆಯಲ್ಲಿ ಕಾಂಕ್ರೀಟ್ ಬಂಕರ್‌ಗಳೂ ಕಾಣಸಿಗುತ್ತವೆ. ಬಾರದ ಶತ್ರುವಿಗಾಗಿ ಹೋಜಾ ಅಂಥ ಲಕ್ಷಕ್ಕೂ ಮೀರಿದ ಬಂಕರ್‌ಗಳನ್ನು ಕಟ್ಟಿಸಿದ್ದ.

ಕರಾವಳಿಯ ವ್ಲೋರಾ ನಗರದಿಂದ ದಕ್ಷಿಣಕ್ಕೆ ಹೊರಟರೆ ಲೊಗಾರಾ ಘಾಟಿ ಸಿಗುತ್ತದೆ. ಎತ್ತರ ಸುಮಾರು 1,000 ಮೀಟರ್. 2024ರಲ್ಲಿ ಬೆಟ್ಟದೊಳಗೆ ಸುಮಾರು 6 ಕಿಲೋಮೀಟರ್ ಉದ್ದದ ಸುರಂಗ ತೆರೆದ ಮೇಲೆ ನಕಾಶೆ ತೋರಿಸುವ ಮೊಬೈಲ್ ನಿಮ್ಮನ್ನು ಅದರೊಳಕ್ಕೇ ಕಳಿಸಲು ನೋಡುತ್ತದೆ. ದಯವಿಟ್ಟು ಹೋಗಬೇಡಿ, ಹಳೆಯ ರಸ್ತೆ ಹಿಡಿಯಿರಿ. ಹತ್ತುವಾಗ ದಟ್ಟ ಪೈನ್ ಕಾಡು, ತಂಪು ಗಾಳಿ, ಜೇನುತುಪ್ಪ ಮತ್ತು ಬೆಟ್ಟದ ಚಹಾ ಸೊಪ್ಪಿನ ಕಟ್ಟುಗಳನ್ನು ಮಾರುವವರು. ನೆತ್ತಿ ದಾಟಿದ್ದೇ ತಡ, ಕಾಡು ಮುಗಿದು ಬೋಳು ಬಂಡೆ. ಅದರಡಿಯಲ್ಲಿ ಅಯೋನಿಯನ್ ಸಮುದ್ರ. ರಸ್ತೆ ಸುತ್ತಿ ಸುತ್ತಿ ಪಲಾಸಾ ಕಡಲತೀರಕ್ಕೆ ಇಳಿಯುತ್ತದೆ. ತನ್ನ ಎದುರಾಳಿ ರೋಮನ್ ಸೇನಾನಿ ಪಾಂಪೆಯನ್ನು ಬೆನ್ನಟ್ಟಿದ ಜೂಲಿಯಸ್ ಸೀಸರ್ ಕ್ರಿ.ಪೂ. 48ರಲ್ಲಿ ಸೈನ್ಯವನ್ನು ಇಳಿಸಿದ್ದು ಈ ತೀರದಲ್ಲೇ. ಇಳಿಯುವಾಗ ಬ್ರೇಕನ್ನೇ ನಂಬದೆ ಎರಡನೇ ಗೇರಿನಲ್ಲಿ ಬನ್ನಿ. ಆಗುಂಬೆ, ಚಾರ್ಮಾಡಿಯಲ್ಲಿ ಕೈ ಪಳಗಿದವರಿಗೆ ಇದನ್ನು ಹೇಳಬೇಕಾಗಿಲ್ಲ.

ಆದರೂ ಕರಾವಳಿಗಿಂತ ನನಗೆ ಪ್ರಿಯವಾದದ್ದು ಒಳನಾಡಿನ ಪರ್ಮೆತ್ ಊರಿನ ದಾರಿ. ತೆಪೆಲೆನಾದಿಂದ ಕಣಿವೆಯೊಳಗೆ ತಿರುಗಿದರೆ ವ್ಯೋಸಾ ನದಿ ಜೊತೆಗೂಡುತ್ತದೆ. ಗ್ರೀಸಿನಲ್ಲಿ ಹುಟ್ಟಿ ಏಡ್ರಿಯಾಟಿಕ್ ಸಮುದ್ರ ಸೇರುವ ಈ ನದಿಗೆ ಅಲ್ಬೇನಿಯಾದ ಪಾತ್ರದಲ್ಲಿ ಒಂದೂ ಅಣೆಕಟ್ಟಿಲ್ಲ. ಅಣೆಕಟ್ಟು ಬೇಡವೆಂದು ವರ್ಷಗಟ್ಟಲೆ ನಡೆದ ಹೋರಾಟದ ಫಲವಾಗಿ 2023ರಲ್ಲಿ ಸರ್ಕಾರ ಅದನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿತು. ಅಣೆಕಟ್ಟು ಕಾಣದ ನದಿ ಹೇಗಿರುತ್ತದೆ ಎಂಬುದನ್ನು ನಿಂತು ನೋಡಬೇಕು. ಅದಕ್ಕೆ ಒಂದೇ ಪಾತ್ರವಿಲ್ಲ. ಬೆಳ್ಳಗಿನ ಉರುಟುಕಲ್ಲಿನ ಹಾಸಿನ ಮೇಲೆ ಐದಾರು ಕವಲಾಗಿ ಹರಿದು, ಮುಂದೆ ಒಂದಾಗಿ, ಮತ್ತೆ ಸೀಳುತ್ತದೆ. ಕಲ್ಲಿನ ನಡುವೆ ಚಿಗುರಿದ ಪೊದೆಗಳು ಮುಂದಿನ ನೆರೆಯವರೆಗಷ್ಟೇ ಇರುತ್ತವೆ. ನಮ್ಮ ನದಿಗಳೆಲ್ಲ ಜಲಾಶಯದಿಂದ ಜಲಾಶಯಕ್ಕೆ ಸಾಗುವುದನ್ನು ನೋಡಿಯೇ ಬೆಳೆದ ನನಗೆ ಇದು ದೊಡ್ಡ ಪಾಠವಾಯಿತು.

ಪರ್ಮೆತ್‌ನಲ್ಲಿ ಗ್ಲಿಕೊ ತಿನ್ನದೆ ಬರಬೇಡಿ. ಎಳೆಯ ಹಸಿರು ಅಕ್ರೋಟನ್ನು ಇಡಿಯಾಗಿ ಸಕ್ಕರೆ ಪಾಕದಲ್ಲಿ ಕಾಯಿಸಿ ಮಾಡುತ್ತಾರೆ. ಕಾಯಿ ಕಪ್ಪಾಗಿ, ಒಳಗೆ ಸ್ವಲ್ಪ ಗರಿಗರಿ ಉಳಿದಿರುತ್ತದೆ. ಮನೆಗೆ ಬಂದವರಿಗೆ ಪುಟ್ಟ ತಟ್ಟೆಯಲ್ಲಿ ಒಂದು ಚಮಚ ಗ್ಲಿಕೊ, ಪಕ್ಕದಲ್ಲಿ ಒಂದು ಲೋಟ ನೀರು, ನಮ್ಮ ಹಳ್ಳಿಗಳಲ್ಲಿ ಬೆಲ್ಲ ನೀರು ಕೊಟ್ಟಂತೆ.

ಇನ್ನು ಕಾಗದಪತ್ರದ ಮಾತು. ನಮ್ಮ ಪರವಾನಗಿಯ ಜೊತೆ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇಟ್ಟುಕೊಳ್ಳಿ. ಠೇವಣಿ ಹಿಡಿದಿಡಲು ಬಾಡಿಗೆ ಕಂಪನಿಯವರು ಸಾಮಾನ್ಯವಾಗಿ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ. ಕಾರು ಪಡೆಯುವಾಗ ಚಕ್ರದ ಅಂಚು, ಬಂಪರಿನ ಅಡಿ ಎಲ್ಲವನ್ನೂ ಅವರ ಎದುರಿಗೇ ವಿಡಿಯೊ ಮಾಡಿಕೊಳ್ಳಿ. ಟೈರು, ಗಾಜು ಮತ್ತು ಕಾರಿನ ಅಡಿಭಾಗಕ್ಕೆ ವಿಮೆ ಇದೆಯೇ ಎಂದು ಬಿಡಿಸಿ ಕೇಳಿ. ಬೆಟ್ಟದ ರಸ್ತೆಯಲ್ಲಿ ಪೆಟ್ಟು ಬೀಳುವುದು ಅಲ್ಲಿಗೇ. ಗ್ರೀಸ್‌ಗೋ ಮಾಂಟೆನೆಗ್ರೊಗೋ ದಾಟುವುದಿದ್ದರೆ ಗಡಿ ದಾಟಲು ಅನುಮತಿ ಪತ್ರ ಮತ್ತು ಹೊರದೇಶದಲ್ಲೂ ನಡೆಯುವ 'ಹಸಿರು ಕಾರ್ಡ್' ವಿಮೆ ಬೇಕು.

ಓಡಿಸುವುದು ಕಷ್ಟವೇ? ಗೇರು ಬಲಗೈಗೆ ಬರುತ್ತದೆ, ರಸ್ತೆಯ ಬಲಬದಿಯಲ್ಲಿ ಹೋಗಬೇಕು, ವೃತ್ತಗಳಲ್ಲಿ ಎಡಕ್ಕೆ ನೋಡಬೇಕು. ತಿರಾನಾ ನಗರದ ದಟ್ಟಣೆಯಲ್ಲಿ ಇದನ್ನು ಕಲಿಯಲು ಹೋಗಬೇಡಿ. ವಿಮಾನ ನಿಲ್ದಾಣದಲ್ಲೇ ಕಾರು ಪಡೆದು ನೇರ ಹೊರಕ್ಕೆ ಹೊರಡಿ. ಮದರ್ ತೆರೇಸಾ ಹೆಸರಿನ ನಿಲ್ದಾಣವದು. ಅವರು ಅಲ್ಬೇನಿಯನ್ ಮನೆತನದವರು. ರಾತ್ರಿ ಓಡಿಸುವುದನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಹಳ್ಳಿ ರಸ್ತೆಗಳಲ್ಲಿ ದೀಪವಿಲ್ಲ, ಕುರಿಮಂದೆ ಯಾವ ತಿರುವಿನಲ್ಲಿದೆಯೋ ತಿಳಿಯದು.

ಹೋಗುವುದಿದ್ದರೆ ಮೇ, ಜೂನ್ ಅಥವಾ ಸೆಪ್ಟೆಂಬರ್. ಆಗಸ್ಟ್‌ನಲ್ಲಿ ಹೊರದೇಶದಲ್ಲಿ ದುಡಿಯುವ ಅಲ್ಬೇನಿಯನ್ನರೆಲ್ಲ ಊರಿಗೆ ಮರಳಿ ಕರಾವಳಿ ರಸ್ತೆ ತುಂಬಿಹೋಗುತ್ತದೆ. ರಜೆ ಕಡಿಮೆಯಿದ್ದರೆ ಕಡಲತೀರದ ದಿನಗಳನ್ನು ಕಡಿತಗೊಳಿಸಿ ಪರ್ಮೆತ್‌ಗೆ ಕೊಡಿ.